ಕಣ್ಣಿಗೆ ಕಂಡ ಏರು, ಕಾಲಿಗೆ ಸಿಕ್ಕ ಏರು

ಶೇ. 10ರ ಏರು ಎಂದರೆ ಎಷ್ಟು ಎಂಬುದನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಿ. ಹತ್ತು ಸೆಂಟಿಮೀಟರಿನ ಒಂದು ಅಡ್ಡಗೆರೆ, ಅದರ ತುದಿಯಲ್ಲಿ ಒಂದು ಸೆಂಟಿಮೀಟರಿನ ನಿಲುಗೆರೆ, ಎರಡನ್ನೂ ಕೂಡಿಸುವ ಓರೆಗೆರೆ. ಕೋನಮಾಪಕ ಇಟ್ಟು ಅಳೆದರೆ ಆರು ಡಿಗ್ರಿ ಕೂಡ ಇರುವುದಿಲ್ಲ, 5.7. ಕಾಗದದ ಮೇಲೆ ನೋಡಿದವರು ಇದನ್ನು ಏರು ಎಂದು ಒಪ್ಪುವುದೇ ಕಷ್ಟ. ಅದೇ ಓರೆ ಡಾಂಬರು ಹೊದ್ದುಕೊಂಡು ಸೈಕಲ್ಲಿನ ಮುಂದಿನ ಚಕ್ರದ ಎದುರು ಅರ್ಧ ಕಿಲೋಮೀಟರ್ ಚಾಚಿಕೊಂಡಾಗ ಕೇಳಿ: ಇಪ್ಪತ್ತು ಡಿಗ್ರಿ ಇದ್ದೀತು, ಇಪ್ಪತ್ತೈದು ಇದ್ದೀತು ಎನ್ನುತ್ತಾರೆ. ಯಾರೂ ಉತ್ಪ್ರೇಕ್ಷೆ ಮಾಡುತ್ತಿರುವುದಿಲ್ಲ. ಅವರಿಗೆ ಹಾಗೆಯೇ ಕಾಣುತ್ತಿರುತ್ತದೆ.

ಸೈಕಲ್ ತುಳಿಯುವವರ ಮಾತಿನಲ್ಲಿ ಅರ್ಧಕ್ಕರ್ಧ ಏರಿನ ಮಾತೇ. ಎಷ್ಟು ಪರ್ಸೆಂಟ್, ಎಲ್ಲಿ ಜಾಸ್ತಿ, ಎಲ್ಲಿ ಉಸಿರು ಬಿಡಬಹುದು. ಒಂದೇ ನಂದಿ ಬೆಟ್ಟವನ್ನು ಒಂದೇ ಬೆಳಿಗ್ಗೆ ಹತ್ತಿಳಿದ ನಾಲ್ಕು ಜನರನ್ನು ಕೇಳಿದರೆ, ಅತಿ ಕಡಿದಾದ ಜಾಗ ಯಾವುದು ಎಂಬುದಕ್ಕೆ ನಾಲ್ಕು ಉತ್ತರ ಬರುತ್ತದೆ. ಈ ಭಿನ್ನಮತ ನನಗೆ ಬಹಳ ಮುಖ್ಯವೆನ್ನಿಸುತ್ತದೆ. ರಸ್ತೆ ಒಂದೇ. ಹಾಗಾದರೆ ನಾವು ಅಳೆಯುತ್ತಿರುವುದು ಏನನ್ನು?

ಕಣ್ಣಿನಿಂದಲೇ ಶುರು ಮಾಡೋಣ. 1995ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಡೆನಿಸ್ ಪ್ರಾಫಿಟ್ ಮತ್ತು ಸಂಗಡಿಗರು ಗುಡ್ಡಗಳ ಬುಡದಲ್ಲಿ ಜನರನ್ನು ನಿಲ್ಲಿಸಿ ಓರೆ ಎಷ್ಟಿರಬಹುದೆಂದು ಕೇಳಿದ ಪ್ರಯೋಗವನ್ನು ಪ್ರಕಟಿಸಿದರು. 5 ಡಿಗ್ರಿಯ ಗುಡ್ಡಕ್ಕೆ ಜನ ಕೊಟ್ಟ ಉತ್ತರ ಸುಮಾರು 20 ಡಿಗ್ರಿ, 10 ಡಿಗ್ರಿಯದಕ್ಕೆ ಸುಮಾರು 30. ಗುಡ್ಡದ ಮೇಲೆ ನಿಂತು ಕೆಳಗೆ ನೋಡಿದವರಿಗೆ, ಅದರಲ್ಲೂ ಕಡಿದಾದ ಗುಡ್ಡಗಳಲ್ಲಿ, ಓರೆ ಇನ್ನೂ ಹೆಚ್ಚೆನ್ನಿಸಿತ್ತು. ಆದರೆ ಒಂದು ಹಲಗೆಯ ಮೇಲೆ ಅಂಗೈ ಇಟ್ಟು, ಅದನ್ನು ನೋಡದೆ, ಕಣ್ಣು ಗುಡ್ಡದ ಮೇಲಿರಿಸಿ, ಹಲಗೆಯನ್ನು ಅಷ್ಟೇ ಓರೆ ಮಾಡಿ ಎಂದಾಗ ಉತ್ತರ ನಿಜಕ್ಕೆ ತೀರಾ ಹತ್ತಿರ ಬಂತು. ಬಾಯಿ ಒಂದು ಹೇಳುತ್ತದೆ, ಕೈ ಇನ್ನೊಂದು ಹೇಳುತ್ತದೆ. ನಾಲ್ಕು ವರ್ಷದ ನಂತರ ಮುಕುಲ್ ಭಲ್ಲಾ ಮತ್ತು ಪ್ರಾಫಿಟ್ ಇನ್ನೊಂದು ಹೆಜ್ಜೆ ಮುಂದೆ ಹೋದರು: ಬೆನ್ನಿಗೆ ಭಾರದ ಚೀಲ ಹೊತ್ತವರಿಗೆ, ಓಡಿ ದಣಿದವರಿಗೆ, ವಯಸ್ಸಾದವರಿಗೆ ಅದೇ ಗುಡ್ಡ ಇನ್ನೂ ಕಡಿದಾಗಿ ಕಾಣುತ್ತದೆ ಎಂದರು.

ಸೈಕಲ್ ಲೋಕ ಈ ಮಾತನ್ನು ಎರಡೂ ಕೈಯಿಂದ ಸ್ವೀಕರಿಸಿತು. ದಣಿದಾಗ ಏರು ಬೆಳೆಯುತ್ತದೆ ಎನ್ನುವುದು ಯಾರಿಗೆ ಅನುಭವವಿಲ್ಲ? ಆದರೆ 2009ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಫ್ರಾಂಕ್ ಡರ್ಗಿನ್ ಮತ್ತು ಜೊತೆಗಾರರು ಇದಕ್ಕೆ ಒಂದು ಸರಳ ಪರೀಕ್ಷೆ ಒಡ್ಡಿದರು. ಚೀಲ ಹೊರಿಸಿದರೆ ಯಾರಿಗಾದರೂ ಅನುಮಾನ ಬರುತ್ತದೆ, ಇವರಿಗೆ ಹೆಚ್ಚಿನ ಸಂಖ್ಯೆ ಬೇಕಾಗಿದೆ ಎಂದು. ಹಾಗಾಗಿ ಕೆಲವರಿಗೆ ಚೀಲದಲ್ಲಿರುವುದು ಸ್ನಾಯುಗಳ ಚಲನೆ ದಾಖಲಿಸುವ ಯಂತ್ರ ಎಂದು ನಂಬಿಸಿದರು. ಅವರ ಕಣ್ಣಿಗೆ ಗುಡ್ಡ ಬೆಳೆಯಲೇ ಇಲ್ಲ. ಪ್ರಯೋಗದ ಉದ್ದೇಶ ಊಹಿಸಿದವರು ಮಾತ್ರ ದೊಡ್ಡ ಸಂಖ್ಯೆ ಹೇಳಿದ್ದರು. ಅಂಗೈ ಹಲಗೆಯ ನಿಖರತೆಯನ್ನೂ ಡರ್ಗಿನ್ ನಂತರ ಪ್ರಶ್ನಿಸಿದರು. ವಾದ ಇನ್ನೂ ಮುಗಿದಿಲ್ಲ.

ಈ ವಾದದಲ್ಲಿ ನಾನು ಡರ್ಗಿನ್ ಕಡೆಗೆ ವಾಲುತ್ತೇನೆ. ದಿನದ ಎರಡನೇ ಘಾಟಿಯ ಬುಡದಲ್ಲಿ, ತೊಡೆಗಳು ಸೋತು ಹೋದಾಗಲೂ, ರಸ್ತೆ ಮೊದಲಿಗಿಂತ ಎದ್ದು ನಿಂತಂತೆ ನನಗೆ ಕಂಡದ್ದಿಲ್ಲ. ಅದು ಹಾಗೆಯೇ ಇರುತ್ತದೆ. ಬದಲಾಗುವುದು ನನ್ನ ಲೆಕ್ಕ. ಇಷ್ಟನ್ನು ಹತ್ತಲು ನನ್ನಲ್ಲಿ ಏನು ಉಳಿದಿದೆ ಎಂಬ ಲೆಕ್ಕ. ಆ ಲೆಕ್ಕವನ್ನೇ ನಾವು ಬಾಯಲ್ಲಿ ಹೇಳುವಾಗ ‘ಭಾರೀ ಕಡಿದು’ ಎಂದು ರಸ್ತೆಯ ತಲೆಗೆ ಕಟ್ಟುತ್ತೇವೆ. ಏರಿನ ಬಗ್ಗೆ ಸವಾರ ಕೊಡುವ ತೀರ್ಪಿನಲ್ಲಿ ಬೆಟ್ಟ ಎಷ್ಟು, ತಾನೆಷ್ಟು ಎಂದು ಬೇರೆ ಮಾಡುವುದೇ ಹತ್ತುವುದನ್ನು ಕಲಿಯುವುದರ ಬಹುಪಾಲು.

ಇದರಲ್ಲಿ ಕಾಲು ಕಣ್ಣಿಗಿಂತ ಎಷ್ಟೋ ಸೂಕ್ಷ್ಮ. ಸವಾರ, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 80 ಕಿಲೋ ಇಟ್ಟುಕೊಳ್ಳಿ. ಶೇ. 8ರ ಏರಿನಲ್ಲಿ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹೋಗಲು ಸುಮಾರು 190 ವಾಟ್ ಬೇಕು. ಅದರಲ್ಲಿ 175ರಷ್ಟು ಭಾರವನ್ನು ಮೇಲೆತ್ತುವುದಕ್ಕೇ ಹೋಗುತ್ತದೆ. ಗಾಳಿಗೆ, ಟೈರಿನ ಉಜ್ಜಾಟಕ್ಕೆ ಉಳಿಯುವುದು ಚೂರುಪಾರು. ಅದೇ 190 ವಾಟ್ ಸಮತಟ್ಟಿನಲ್ಲಿ ನಿಮ್ಮನ್ನು 30 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಒಯ್ಯುತ್ತದೆ. ಈಗ ರಸ್ತೆ ಶೇ. 8ರಿಂದ 9ಕ್ಕೆ ಹೋಯಿತು ಎನ್ನಿ. ಕೋನದಲ್ಲಿ ವ್ಯತ್ಯಾಸ ಅರ್ಧ ಡಿಗ್ರಿಗಿಂತ ತುಸು ಹೆಚ್ಚು. ಯಾವ ಕಣ್ಣೂ ಅದನ್ನು ಹಿಡಿಯುವುದಿಲ್ಲ. ಆದರೆ ವೇಗ ಉಳಿಸಿಕೊಳ್ಳಬೇಕಾದರೆ ಕಾಲು ಇನ್ನೂ 22 ವಾಟ್ ಕೊಡಬೇಕು. ಎರಡು ನಿಮಿಷದಲ್ಲಿ ಉಸಿರಿನ ಲಯ ಕೆಟ್ಟು ಹೋಗುತ್ತದೆ. ರಸ್ತೆ ಬದಲಾಗಿದ್ದನ್ನು ಮೊದಲು ಓದುವುದು ಎದೆಗೂಡು, ಆಮೇಲೆ ಮಂಡಿ. ಕಣ್ಣಿಗೆ ಸುದ್ದಿ ತಲುಪುವುದು ಕೊನೆಗೆ.

ಆದರೆ ಕಾಲಿನ ತೀರ್ಪಿಗೂ ಒಂದು ತೊಡಕಿದೆ. ಅದು ರಸ್ತೆಯನ್ನು ನೇರವಾಗಿ ಮುಟ್ಟುವುದಿಲ್ಲ, ಗೇರಿನ ಮೂಲಕ ಮುಟ್ಟುತ್ತದೆ. ಮುಂದೆ 34 ಹಲ್ಲು, ಹಿಂದೆ 32 ಹಲ್ಲಿನ ಗೇರಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. ನಮ್ಮ ಊರುಗಳ ಹಳೆಯ ಕರಿ ಸೈಕಲ್ಲಿನಲ್ಲಿ, ಒಂದೇ ಗೇರು, ಒಂದು ಸುತ್ತಿಗೆ ಸುಮಾರು ಐದು ಮೀಟರ್. ಅಂದರೆ ಅದೇ ಏರಿನಲ್ಲಿ ಒಂದೊಂದು ತುಳಿತಕ್ಕೂ ಮಂಡಿಯ ಮೇಲೆ ಎರಡು ಪಟ್ಟಿಗಿಂತ ಹೆಚ್ಚಿನ ಭಾರ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹಿಂದೆ ಹೆಂಡತಿ, ಮುಂದಿನ ಬಾರಿನ ಮೇಲೆ ಮಗು ಕೂರಿಸಿಕೊಂಡು ಆ ಸೈಕಲ್ ತುಳಿದ ತಲೆಮಾರಿಗೆ ಶೇಕಡಾವಾರು ಲೆಕ್ಕ ಬೇಕಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಎಲ್ಲಿ ಇಳಿದು ತಳ್ಳಬೇಕು ಎಂಬುದು. ನನ್ನ ಮಟ್ಟಿಗೆ ಅದು ಇಂದಿಗೂ ಅತ್ಯಂತ ಪ್ರಾಮಾಣಿಕ ಅಳತೆ.

ಅಪರಿಚಿತ ದಾರಿಯಲ್ಲಿ ಚಹಾದಂಗಡಿಯ ಮುಂದೆ ನಿಂತು “ಮುಂದೆ ಏರು ಇದೆಯಾ ಅಣ್ಣ?” ಎಂದು ಕೇಳುವಾಗ ಯಾರನ್ನು ಕೇಳುತ್ತಿದ್ದೇನೆ ಎಂಬುದನ್ನು ನಾನು ಈಗ ಗಮನಿಸುತ್ತೇನೆ. ಮೋಟಾರ್ ಬೈಕ್ ಮೇಲೆ ಕೂತ ಹುಡುಗ “ಇಲ್ಲ ಸಾರ್, ಆರಾಮಾಗಿ ಹೋಗಬಹುದು” ಎನ್ನುತ್ತಾನೆ. ಅವನದು ಸತ್ಯವೇ. ಶೇ. 3, 4ರ ಏರನ್ನು ಎಂಜಿನ್ ನುಂಗಿಬಿಡುತ್ತದೆ, ಕೈಗೆ ಗೊತ್ತಾಗುವುದೇ ಇಲ್ಲ. ಪಕ್ಕದಲ್ಲಿ ಬೀಡಿ ಸೇದುತ್ತಾ ಕೂತ ಹಿರಿಯರು ಮಾತ್ರ ಸೈಕಲ್ ಕಡೆ ಒಮ್ಮೆ ನೋಡಿ, “ಮೋರಿ ದಾಟಿದ ಮೇಲೆ ಆಲದಮರದವರೆಗೆ ಇಳಿದು ತಳ್ಳಬೇಕು ಕಣಪ್ಪ, ಆಮೇಲೆ ಇಳಿಜಾರು” ಎನ್ನುತ್ತಾರೆ. ಎಲ್ಲಿ ಶುರು, ಎಲ್ಲಿ ಕೊನೆ, ಎಷ್ಟು ಕಷ್ಟ, ಮುಂದೇನು ಎಂಬ ನಾಲ್ಕೂ ಉತ್ತರ ಒಂದೇ ವಾಕ್ಯದಲ್ಲಿ. ಯಾವ ಆ್ಯಪ್ ಕೂಡ ಇಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಕಂಡಿಲ್ಲ.

ಆ್ಯಪ್ ಹೇಳುವುದು ಸರಾಸರಿ. ನಂದಿ ಬೆಟ್ಟವನ್ನೇ ತೆಗೆದುಕೊಳ್ಳಿ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಬೆಟ್ಟ. ಬುಡದಿಂದ ಹತ್ತುವ ದಾರಿ ಏಳು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಸರಾಸರಿ ಶೇ. 5ಕ್ಕೂ 6ಕ್ಕೂ ನಡುವೆ. ಆ ಸಂಖ್ಯೆ ಕೇಳಿ ಬಂದವರು ಮೊದಲ ಕಿಲೋಮೀಟರುಗಳಲ್ಲಿ ಇಷ್ಟೇನಾ ಎಂದುಕೊಂಡು ವೇಗ ಏರಿಸುತ್ತಾರೆ. ಮೇಲೆ ಹೋದಂತೆ ತಿರುವುಗಳು ಒಂದರ ಮೇಲೊಂದು ಬಂದು ಓರೆ ಎರಡಂಕಿಗೆ ಹಾಯುವ ಕಡೆ ಅದರ ಲೆಕ್ಕ ಚುಕ್ತಾ ಆಗುತ್ತದೆ. ಸರಾಸರಿ ಸುಳ್ಳಲ್ಲ. ಆದರೆ ಕಾಲು ಸರಾಸರಿಯನ್ನು ಹತ್ತುವುದಿಲ್ಲ. ಶೇ. 3ರಲ್ಲಿ ಉಳಿಸಿದ ಶಕ್ತಿ ಶೇ. 11ರಲ್ಲಿ ಪೂರ್ತಿ ಕೈಗೆ ಬರುವುದಿಲ್ಲ. ಕಡಿದಾದ ಕಡೆ ಕಡಿಮೆ ಗೇರು ಮುಗಿದು ಹೋಗಿದ್ದರೆ, ಸೈಕಲ್ ಬೀಳದಂತೆ ಇರುವುದಕ್ಕೇ ಒಂದು ಕನಿಷ್ಠ ವೇಗ ಬೇಕು, ಆ ವೇಗಕ್ಕೆ ಕನಿಷ್ಠ ಶಕ್ತಿ ಬೇಕು. ಅದು ಇದ್ದರೆ ಮೇಲೆ, ಇಲ್ಲದಿದ್ದರೆ ಕಾಲು ನೆಲಕ್ಕೆ. ಮಧ್ಯದ ದಾರಿ ಇಲ್ಲ.

ಹ್ಯಾಂಡಲ್ ಮೇಲಿನ ಪುಟ್ಟ ಕಂಪ್ಯೂಟರ್ ಈ ಕ್ಷಣದ ಓರೆ ತೋರಿಸುತ್ತದಲ್ಲ ಎನ್ನಬಹುದು. ಅದು ಓರೆಯನ್ನು ನೋಡುತ್ತಿಲ್ಲ, ಊಹಿಸುತ್ತಿದೆ. ಒಳಗಿನ ಸಂವೇದಕ ಅಳೆಯುವುದು ಗಾಳಿಯ ಒತ್ತಡವನ್ನು. ಎಂಟೊಂಬತ್ತು ಮೀಟರ್ ಮೇಲೇರಿದರೆ ಒತ್ತಡ ಒಂದು ಹೆಕ್ಟೊಪಾಸ್ಕಲ್‌ನಷ್ಟು ಇಳಿಯುತ್ತದೆ. ಶೇ. 8ರ ರಸ್ತೆಯಲ್ಲಿ ಹತ್ತು ಮೀಟರ್ ಹೋದರೆ ಏರಿದ್ದು 80 ಸೆಂಟಿಮೀಟರ್, ಅಂದರೆ ಒಂದು ಹೆಕ್ಟೊಪಾಸ್ಕಲ್‌ನ ಹತ್ತನೇ ಒಂದು ಭಾಗ. ಒಂದು ಬಲವಾದ ಗಾಳಿ ಬೀಸಿದರೂ ಅಷ್ಟು ಏರುಪೇರಾಗುತ್ತದೆ. ಹಾಗಾಗಿ ಯಂತ್ರ ಸ್ವಲ್ಪ ದೂರದ ಲೆಕ್ಕವನ್ನು ಒಟ್ಟುಮಾಡಿ ಹದಗೊಳಿಸಿ ಸಂಖ್ಯೆ ಕೊಡುತ್ತದೆ. ಕಡಿದಾದ ತುಂಡು ಮುಗಿದ ಮೇಲೆ ಪರದೆ 12 ಎನ್ನುತ್ತದೆ. ಸಂಖ್ಯೆ ನೋಡಿ ಗೇರ್ ಬದಲಿಸುವವರು ಯಾವಾಗಲೂ ಹತ್ತು ಹದಿನೈದು ಮೀಟರ್ ಹಿಂದೆ ಬದುಕುತ್ತಿರುತ್ತಾರೆ. ಎಷ್ಟು ಉದ್ದಕ್ಕೆ ಅಳೆದ ಓರೆ ಎಂದು ಹೇಳದಿದ್ದರೆ ಶೇಕಡಾ ಎಂಬ ಮಾತಿಗೆ ಅರ್ಥವೇ ಇಲ್ಲ. ಮನೆ ಮುಂದಿನ ಕಲ್ಲುಹಾಸಿಗೆ ಶೇ. 25 ಓರೆ ಇರಬಹುದು, ಒಂದು ಹುಮ್ಮಸ್ಸಿನಲ್ಲಿ ದಾಟಿಬಿಡುತ್ತೀರಿ.

ಎಲ್ಲಿ ಅಳೆಯಬೇಕು ಎಂಬುದೂ ಅಷ್ಟೇ ಮುಖ್ಯ. ಜಗತ್ತಿನ ಅತಿ ಕಡಿದಾದ ಬೀದಿ ಎಂಬ ಗಿನ್ನೆಸ್ ಪಟ್ಟ ಬಹುಕಾಲ ನ್ಯೂಜಿಲೆಂಡಿನ ಡನೀಡಿನ್ ನಗರದ ಬಾಲ್ಡ್ವಿನ್ ಸ್ಟ್ರೀಟ್‌ಗೆ ಇತ್ತು. 2019ರಲ್ಲಿ ಅದು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಹಾರ್ಲೆಕ್ ಎಂಬ ಪುಟ್ಟ ಊರಿನ ಬೀದಿಗೆ ಹೋಯಿತು. ಡನೀಡಿನ್ನಿನವರು ಬಿಡಲಿಲ್ಲ. ಹಾರ್ಲೆಕ್‌ನ ಬೀದಿ ತಿರುಚಿಕೊಂಡಿದೆ, ಅದರ ಒಳ ಅಂಚಿನಲ್ಲಿ ಅಳೆದಿದ್ದಾರೆ, ತಿರುವಿನ ಒಳ ಅಂಚು ಯಾವಾಗಲೂ ಕಡಿದಾಗಿರುತ್ತದೆ ಎಂದು ವಾದಿಸಿದರು. ರಸ್ತೆಯ ಮಧ್ಯಗೆರೆಯ ಮೇಲೆ ಅಳೆಯಬೇಕೆಂಬುದು ತೀರ್ಮಾನವಾಗಿ 2020ರಲ್ಲಿ ಪಟ್ಟ ಬಾಲ್ಡ್ವಿನ್ ಸ್ಟ್ರೀಟ್‌ಗೆ ಮರಳಿತು.

ಈ ವಾದವನ್ನು ಪ್ರತಿ ಘಾಟಿ ಹತ್ತುವವರೂ ಕಾಲಿನಿಂದ ಅರಿತಿರುತ್ತಾರೆ. ಒಂದು ಹೇರ್‌ಪಿನ್ ತಿರುವಿನ ಒಳ ಅಂಚು 25 ಮೀಟರ್ ಉದ್ದ, ಹೊರ ಅಂಚು 44 ಮೀಟರ್ ಎಂದುಕೊಳ್ಳಿ. ಎರಡೂ ಏರುವುದು ಅದೇ ಎರಡೂವರೆ ಮೀಟರ್. ಒಳಗೆ ಶೇ. 10, ಹೊರಗೆ ಶೇ. 6ಕ್ಕಿಂತ ಕಡಿಮೆ. ನಮ್ಮಲ್ಲಿ ಎಡಗಡೆ ಸಂಚಾರವಾದ್ದರಿಂದ ಎಡಕ್ಕೆ ತಿರುಗುವ ಪ್ರತಿ ಹೇರ್‌ಪಿನ್‌ನಲ್ಲಿ ಹತ್ತುವವರ ಪಾಲಿಗೆ ಬರುವುದು ಒಳ ಅಂಚು, ಬಲಕ್ಕೆ ತಿರುಗುವಲ್ಲಿ ಹೊರ ಅಂಚು. ಆಗುಂಬೆ ಘಾಟಿಯಲ್ಲಿ ಸೋಮೇಶ್ವರದಿಂದ ಮೇಲಕ್ಕೆ 14 ಹೇರ್‌ಪಿನ್‌ಗಳಿವೆ. ಒಂದು ಬಿಟ್ಟು ಒಂದು ಕಷ್ಟ ಎಂದು ಅನ್ನಿಸಿದರೆ ಅದು ನಿಮ್ಮ ಮನಸ್ಸಿನ ಆಟವಲ್ಲ, ರೇಖಾಗಣಿತ. ಎಡ ತಿರುವಿಗೆ ಮುಂಚೆಯೇ ಗೇರ್ ಇಳಿಸಿ, ಹಿಂದೆ ವಾಹನ ಇಲ್ಲದಿದ್ದರೆ ನಿಮ್ಮ ಸಾಲಿನೊಳಗೇ ಸ್ವಲ್ಪ ಹೊರಗೆ ಸರಿದು ತಿರುಗಿ. ಮಧ್ಯಗೆರೆ ಮಾತ್ರ ದಾಟಬೇಡಿ. ಮೇಲಿಂದ ಬರುವ ಬಸ್ಸಿಗೆ ಆ ತಿರುವಿನಲ್ಲಿ ಇಡೀ ರಸ್ತೆ ಬೇಕಾಗುತ್ತದೆ.

ರಸ್ತೆ ಮಾಡುವ ಎಂಜಿನಿಯರುಗಳಿಗೂ ಇದು ಗೊತ್ತು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದಲ್ಲಿ ಬಯಲಿಗೆ ಶೇ. 3.3, ಗುಡ್ಡಗಾಡಿಗೆ ಶೇ. 5, ತೀರಾ ಕಡಿದಾದ ನೆಲಕ್ಕೆ ಶೇ. 6 ಎಂಬುದು ಸಾಮಾನ್ಯವಾಗಿ ಇಟ್ಟುಕೊಳ್ಳಬೇಕಾದ ಏರು. ಬೇರೆ ದಾರಿಯೇ ಇಲ್ಲದ ಚಿಕ್ಕ ತುಂಡುಗಳಿಗೆ ಶೇ. 8ರವರೆಗೆ ಅವಕಾಶ. ಬಿಗಿಯಾದ ತಿರುವುಗಳಲ್ಲಿ ಏರನ್ನು ಇನ್ನಷ್ಟು ತಗ್ಗಿಸಬೇಕೆಂಬ ಸೂತ್ರವೂ ಇದೆ. ಲಾರಿಗಾಗಿ ಕಟ್ಟಿದ ರಸ್ತೆ ಸೈಕಲ್ಲಿಗೂ ದಯೆ ತೋರಿಸುತ್ತದೆ. ಹೆದ್ದಾರಿಯ ಘಾಟಿಗಳು ಉದ್ದವಿದ್ದರೂ ಒಂದೇ ಲಯದಲ್ಲಿ ಹತ್ತಿಸಿಕೊಳ್ಳುವುದು ಇದಕ್ಕೇ. ನಿಜವಾಗಿ ಎದೆ ಒಡೆಯುವುದು ದೇವಸ್ಥಾನಕ್ಕೆ, ಎಸ್ಟೇಟಿಗೆ, ನೀರಿನ ಟ್ಯಾಂಕಿಗೆ ಹೋಗುವ ಸಣ್ಣ ರಸ್ತೆಗಳು. ಕಾಲುದಾರಿಗೆ ಕಾಂಕ್ರೀಟು ಸುರಿದು ಮಾಡಿದ ರಸ್ತೆಗೆ ಯಾವ ಮಾನದಂಡವೂ ಇಲ್ಲ.

ರೈಲಿನ ಲೆಕ್ಕ ನೆನೆದರೆ ಸೈಕಲ್ಲಿನ ಮೇಲೆ ಗೌರವ ಹೆಚ್ಚುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯಲ್ಲಿ ಹಳಿಯ ಏರು 50ಕ್ಕೆ 1, ಅಂದರೆ ಶೇ. 2. ಅಷ್ಟನ್ನು ಕಾಪಾಡಲು 57 ಸುರಂಗ ಕೊರೆಯಬೇಕಾಯಿತು. ನೀಲಗಿರಿ ರೈಲು ಕಲ್ಲಾರ್‌ನಿಂದ ಕೂನೂರಿಗೆ ಹತ್ತುವಲ್ಲಿ 12ಕ್ಕೆ 1, ಶೇ. 8.3, ಅಲ್ಲಿ ಚಕ್ರ ಜಾರದಂತೆ ಹಳಿಗಳ ನಡುವೆ ಹಲ್ಲುಪಟ್ಟಿಯನ್ನೇ ಹಾಕಿದ್ದಾರೆ. ಆ ಶೇ. 8.3ನ್ನು ಎರಡು ತೆಳು ಟೈರು, ಎರಡು ಕಾಲು ಹತ್ತುತ್ತವೆ, ಹತ್ತುತ್ತಾ ಮಾತನ್ನೂ ಆಡುತ್ತವೆ.

ಮಾತು ಎಂದಾಗ ನೆನಪಾಯಿತು. ಪಕ್ಕದಲ್ಲಿ ಗೆಳೆಯ ನಿಂತಿದ್ದರೆ ಗುಡ್ಡದ ಓರೆ ಕಡಿಮೆ ಎನ್ನಿಸುತ್ತದೆ ಎಂದು ಪ್ರಾಫಿಟ್ ಅವರೂ ಇದ್ದ ತಂಡವೊಂದು 2008ರಲ್ಲಿ ಬರೆಯಿತು. ಕಣ್ಣಿನ ವಿಷಯ ಏನಾದರೂ ಇರಲಿ, ಜೊತೆಯಲ್ಲಿ ಹತ್ತುವಾಗ ಪೂರ್ತಿ ವಾಕ್ಯದಲ್ಲಿ ಮಾತಾಡಲು ಸಾಧ್ಯವಾಗುತ್ತಿದ್ದರೆ ಆ ವೇಗದಲ್ಲಿ ಬಹಳ ಹೊತ್ತು ಹೋಗಬಹುದು. ಎರಡೆರಡು ಪದ ಬರುತ್ತಿದ್ದರೆ ಸಾಲದಲ್ಲಿ ನಡೆಯುತ್ತಿದೆ ಎಂದರ್ಥ.

ಕಣ್ಣನ್ನು ಪೂರಾ ಕೈಬಿಡಬೇಕಿಲ್ಲ, ಅದಕ್ಕೆ ಸರಿಯಾದ ಗುರುತು ತೋರಿಸಬೇಕು. ರಸ್ತೆಯನ್ನೇ ದಿಟ್ಟಿಸಿದರೆ ಅದು ಮೋಸ ಮಾಡುತ್ತದೆ, ಏಕೆಂದರೆ ಘಾಟಿಯಲ್ಲಿ ದಿಗಂತ ಇಲ್ಲ, ಹೋಲಿಸಲು ಸಮತಟ್ಟಾದ ಏನೂ ಇಲ್ಲ. ಪಕ್ಕದ ಅಡಿಕೆ ಮರ, ಸಿಲ್ವರ್ ಓಕ್, ವಿದ್ಯುತ್ ಕಂಬ ನೆಟ್ಟಗೆ ನಿಂತಿರುತ್ತವೆ. ಅವುಗಳಿಗೂ ರಸ್ತೆಗೂ ನಡುವಿನ ಕೋನ ನೋಡಿದರೆ ನಿಜ ತಿಳಿಯುತ್ತದೆ. ಕರಾವಳಿಯ ಗಿಡ್ಡ, ಚೂಪು ಏರುಗಳಲ್ಲಿ ಕೆಂಪುಕಲ್ಲಿನ ಪಾಗಾರ ಇನ್ನೂ ಒಳ್ಳೆಯದು. ಕಲ್ಲಿನ ವರಸೆಗಳು ಸಮತಟ್ಟಾಗಿ ಓಡುತ್ತವೆ, ರಸ್ತೆ ಅವುಗಳನ್ನು ಒಂದೊಂದಾಗಿ ನುಂಗುತ್ತಾ ಮೇಲೇರುತ್ತದೆ. ಎಷ್ಟು ದೂರಕ್ಕೆ ಒಂದು ವರಸೆ ಮರೆಯಾಯಿತು ಎಂದು ನೋಡಿದರೆ ಸಾಕು. ಕಣ್ಣಿಗಿಂತ ಮುಂಚೆ ಕಿವಿಗೂ ಕೆಲಸವಿದೆ. ಎರಡು ತಿರುವು ಮೇಲೆ ಲಾರಿಯ ಎಂಜಿನ್ ದನಿ ದಪ್ಪಗಾಗಿ ಗೇರ್ ಬಿದ್ದ ಜಾಗವೇ ನಿಮ್ಮ ಗೇರ್ ಬೀಳಬೇಕಾದ ಜಾಗ.

ಎಲ್ಲಕ್ಕಿಂತ ಕಾಡುವುದು ಹುಸಿ ಸಮತಟ್ಟು. ಶೇ. 9ರ ತುಂಡು ಮುಗಿದು ಶೇ. 3 ಬಂದಾಗ ರಸ್ತೆ ಇಳಿಯುತ್ತಿದೆ ಎಂದು ಕಣ್ಣು ಆಣೆ ಮಾಡಿ ಹೇಳುತ್ತದೆ. ಲಡಾಖ್‌ನ ಲೇಹ್ ಬಳಿಯ ಮ್ಯಾಗ್ನೆಟಿಕ್ ಹಿಲ್‌ನಲ್ಲಿ ಕಾರು ತಾನಾಗಿ ಮೇಲಕ್ಕೆ ಉರುಳುವಂತೆ ಕಾಣುವುದರ ಹಿಂದೆಯೂ ಇದೇ ಇದೆ: ಸುತ್ತಲಿನ ನೆಲದ ಓರೆ ಇಳಿಜಾರನ್ನೇ ಏರು ಎಂದು ತೋರಿಸುತ್ತದೆ. ಸೈಕಲ್ ಮೇಲೆ ಇದರ ಅಪಾಯ ಬೇರೆ ರೀತಿಯದು. ಇಳಿಯುತ್ತಿದ್ದೇನೆ ಎಂದುಕೊಂಡವನಿಗೆ ವೇಗ ಬರದಿದ್ದಾಗ ತನ್ನಲ್ಲೇ ಏನೋ ಕೆಟ್ಟಿದೆ ಎಂಬ ಅಧೈರ್ಯ ಹುಟ್ಟುತ್ತದೆ. ಟೈರಿನ ಗಾಳಿ ಹೋಯಿತೇ ಎಂದು ಬಗ್ಗಿ ನೋಡುತ್ತಾನೆ. ಆಗ ರಸ್ತೆ ಬದಿಯ ಚರಂಡಿಯಲ್ಲಿ ನೀರಿದ್ದರೆ ಅದು ಯಾವ ಕಡೆ ಹರಿಯುತ್ತಿದೆ ನೋಡಬೇಕು. ಮಳೆಗಾಲದ ಮಲೆನಾಡಿನಲ್ಲಿ ಇದಕ್ಕಿಂತ ನಂಬಿಗಸ್ತ ಸಾಕ್ಷಿ ಬೇರೆ ಇಲ್ಲ.

ವಿಜಯಪುರ, ಬಾಗಲಕೋಟೆ ಕಡೆಯ ಸ್ಪರ್ಧಾಳುಗಳು ನಾಡಿಗೆ ಎಷ್ಟು ಪದಕ ತಂದುಕೊಟ್ಟಿದ್ದಾರೆ ಎಂಬುದು ಸೈಕಲ್ ಬಲ್ಲವರಿಗೆ ಗೊತ್ತು. ಅವರು ಬೆಳೆದದ್ದು ಬಯಲಿನಲ್ಲಿ, ಎದುರುಗಾಳಿಯಲ್ಲಿ. ಗಾಳಿಯೂ ಒಂದು ಏರೇ, ಆದರೆ ಅದರ ಓರೆ ನಿಮ್ಮ ವೇಗಕ್ಕೆ ತಕ್ಕಂತೆ ಬದಲಾಗುತ್ತದೆ. ನಿಧಾನಿಸಿದರೆ ಅದೂ ಸಡಿಲುತ್ತದೆ. ಬೆಟ್ಟ ಹಾಗಲ್ಲ. ನಿಧಾನಿಸಿದರೂ ಎತ್ತಬೇಕಾದ ಎತ್ತರ ಅಷ್ಟೇ.

ಇತ್ತೀಚೆಗೆ ಪರಿಚಯದ ಹುಡುಗನೊಬ್ಬ ಕೇಳಿದ: “ಅಣ್ಣ, ಕಲ್ಲಟ್ಟಿ ಎಷ್ಟು ಪರ್ಸೆಂಟ್?” ಮಸಿನಗುಡಿಯಿಂದ ಊಟಿಗೆ 36 ಹೇರ್‌ಪಿನ್‌ಗಳ ಆ ದಾರಿ, 2008ರಿಂದ ನಡೆಯುತ್ತಿರುವ ಟೂರ್ ಆಫ್ ನೀಲಗಿರೀಸ್ ಎಂಬ ಸೈಕಲ್ ಯಾತ್ರೆಯ ದೆಸೆಯಿಂದ ನಮ್ಮ ಸವಾರರ ಬಾಯಲ್ಲಿ ಒಂದು ಪರೀಕ್ಷೆಯ ಹೆಸರೇ ಆಗಿದೆ. ಸಂಖ್ಯೆ ಹೇಳುವ ಬದಲು ಅವನನ್ನೇ ಕೇಳಿದೆ. ಹಿಂದಿನ ಕ್ಯಾಸೆಟ್, ಅಂದರೆ ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು, ಎಷ್ಟು ಹಲ್ಲಿನದು? ನಂದಿಯ ಮೇಲ್ಭಾಗದಲ್ಲಿ ಯಾವ ಗೇರಿನಲ್ಲಿದ್ದೆ, ಅದರ ಕೆಳಗೆ ಇನ್ನೊಂದು ಉಳಿದಿತ್ತಾ? ಅಲ್ಲಿ ಕೂತೇ ತುಳಿದೆಯಾ, ನಿಂತುಕೊಂಡೆಯಾ? ಆ ಸ್ಥಿತಿಯಲ್ಲಿ ಇನ್ನೊಂದು ಗಂಟೆ ಮುಂದುವರಿಯಲು ಆಗುತ್ತಿತ್ತಾ? 28 ಹಲ್ಲು, ಉಳಿದಿರಲಿಲ್ಲ, ಕೊನೆಯ ಅರ್ಧ ನಿಂತುಕೊಂಡೇ ಬಂದೆ, ಇನ್ನೊಂದು ಗಂಟೆಯ ಮಾತೇ ಇಲ್ಲ ಎಂದ. ಮೊದಲು 34 ಹಲ್ಲಿನ ಕ್ಯಾಸೆಟ್ ಹಾಕಿಸು, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೈಲರ್ ಅಷ್ಟು ದೊಡ್ಡ ಚಕ್ರ ತಡೆಯುತ್ತದಾ ಎಂದು ಅಂಗಡಿಯವರನ್ನು ಕೇಳಿಕೋ, ಚೈನಿನ ಉದ್ದವನ್ನೂ ನೋಡಿಸು ಎಂದೆ. ಮುಂದಿನ ಭಾನುವಾರ ಅವನ ಜೊತೆ ನಂದಿಗೆ ಹೋಗುತ್ತಿದ್ದೇನೆ. ಹ್ಯಾಂಡಲ್ ಮೇಲಿನ ಕಂಪ್ಯೂಟರಿನ ಪರದೆಗೆ ಟೇಪು ಅಂಟಿಸಿಕೊಂಡು ಬಾ ಎಂದಿದ್ದೇನೆ.